ಕೇಳ್ರಿ, ಹೇಳ್ತೀವಿ: ಬೆಂಜ್ ಅಂದ್ರ ಲಾರಿನೋ ಕಾರೋ?

ಪ್ರಶ್ನೆ: ನಮ್ಮಪ್ಪ ಟಾಟಾ ಲಾರಿ ಕಂಡ್ರ 'ಬೆಂಜ್ ಗಾಡಿ ಬಂತು' ಅಂತಿದ್ರು. ನನ್ನ ಮಗ ಮೊಬೈಲ್‌ನ್ಯಾಗ ಬೆಂಜ್ ಕಾರ್ ತೋರ್ಸಿ 'ಅಜ್ಜಗ ಏನೂ ಗೊತ್ತಿದ್ದಿಲ್ಲ ಬಿಡು' ಅಂತ ನಗ್ತಾನ. ಯಾರ್ದು ಖರೇ? (ಜಮಖಂಡಿಯ ಓದುಗರು)

ಉತ್ತರ: ಅಜ್ಜಂದ ಖರೇರಿ. ನಮ್ಮ ಕಡೆ ಬೆಂಜ್ ಕಾಲಿಟ್ಟಿದ್ದ ಲಾರಿ ಆಗಿ. ಟಾಟಾದವ್ರ ಟೆಲ್ಕೊ ಕಂಪನಿ ಮೊದ್ಲ ರೈಲ್ವೆ ಇಂಜಿನ್ ಮಾಡ್ತಿತ್ತು, 1954ರಾಗ ಜರ್ಮನಿಯ ಡೈಮ್ಲರ್-ಬೆಂಜ್ ಜೋಡಿ 15 ವರ್ಷದ ಕರಾರು ಮಾಡ್ಕೊಂಡು ಜಮ್ಶೆಡ್‌ಪುರದಾಗ ಲಾರಿ ಕಟ್ಟಾಕ ಹತ್ತಿದ್ರು, ಮುಂದ ಮೂತಿ ಮ್ಯಾಲೆ ಮೂರು ಮೂಲಿ ನಕ್ಷತ್ರ ಇರ್ತಿತ್ತು. 1969ಕ್ಕ ಕರಾರು ಮುಗೀತು, ನಕ್ಷತ್ರ ಹೋಗಿ ಆ ಜಾಗಾಕ್ಕ ಟಿ ಅಕ್ಷರ ಬಂತು, ಆದ್ರ ಮಂದಿ ಬಾಯಾಗಿನ ಹೆಸರು ಹೋಗ್ಲಿಲ್ಲ. 1210 ಅಂತ ಬರ್ಕೊಂಡು ಓಡ್ತಿದ್ವಲ್ಲ ಟಾಟಾ ಗಾಡಿ, ಆ ನಂಬರ್ ಇಡೂ ಪದ್ಧತಿನೂ ಜರ್ಮನ್ರದ, 12 ಅಂದ್ರ ಲೋಡ್ ಸಮೇತ 12 ಟನ್, 10 ಅಂದ್ರ 100 ಹಾರ್ಸ್ ಪವರ್‌ನ ಲೆಕ್ಕ.

ನಮ್ಮ ಸೋದರಮಾವಂದು ಒಂದು ನಕ್ಷತ್ರದ ಗಾಡಿ ಇತ್ತು, ಮಹಾಲಿಂಗಪುರದ ಬೆಲ್ಲ ಹೇರ್ಕೊಂಡು ಹೋಗ್ತಿತ್ತು. ಅಮಾಸಿ ಬಂದ್ರ ನಾವು ಹುಡುಗ್ರು ಬಂಪರ್ ಮ್ಯಾಲೆ ನಿಂತು ಚಿಮಣಿ ಎಣ್ಣಿ ಹಚ್ಚಿದ ಅರಿವಿಲೆ ಆ ನಕ್ಷತ್ರ ತಿಕ್ಕೂದು, ಅದರ ಸಂದ್ಯಾಗ ಬೆಲ್ಲದ ಜಿಗಟು, ಸತ್ತ ಜೇನುಹುಳ, ಧೂಳು ಎಲ್ಲಾ ಕೂಡಿ ಕರ್ರಗ ಗಟ್ಟಿ ಆಗಿರ್ತಿತ್ತು, ಉಗುರಿಲೇ ತೆಗೀಬೇಕು. ಆಮ್ಯಾಗ ಲಿಂಬಿಹಣ್ಣು ಮೆಣಸಿನಕಾಯಿ ಕಟ್ಟಿ, ಕಾಯಿ ಒಡ್ಯಾಕ ನಮಗ ಅವಕಾಶ ಇದ್ದಿಲ್ಲ, ಅದು ಕ್ಲೀನರ್‌ನ ಹಕ್ಕು.

ಇನ್ನೊಂದು ಮಾತು ಮಗಗ ಹೇಳ್ರಿ: ಬೆಂಜ್ ಕಂಪನಿ ಡೀಸೆಲ್ ಲಾರಿ ಮಾಡಿದ್ದು 1923ರಾಗ, ಡೀಸೆಲ್ ಕಾರು, ಅದೇ 260 ಡಿ ಅನ್ನೂದು, ಬಂದಿದ್ದು 1936ಕ್ಕ. ಅಂದ್ರ ಡೀಸೆಲ್ ವಿಷಯದಾಗ ಅವರ ಊರಾಗೂ ಲಾರಿನ ಅಣ್ಣ.

ಪ್ರಶ್ನೆ: ಮೊದಲನೇ ಕಾರು ಕಾರ್ಲ್ ಬೆಂಜ್ ಮಾಡಿದ ಅಂತ ಓದೇನಿ. ಅವನ ಹೆಂಡತಿ ಕಾರು ಕದ್ದು ಓಡಿಸಿದ್ಳಂತ, ಹೌದೇನ್ರಿ? (ಬೆಳಗಾವಿಯ ಕಾಲೇಜ್ ವಿದ್ಯಾರ್ಥಿನಿ)

ಉತ್ತರ: ಕದ್ದಳು ಅನ್ನಬ್ಯಾಡ್ರಿ, ಆಕಿ ರೊಕ್ಕದ ಮ್ಯಾಲೇ ನಿಂತಿದ್ದ ಧಂಧೆ ಅದು! ಲಗ್ನಕ್ಕ ಮೊದ್ಲ ತನಗ ಬರೂ ವರದಕ್ಷಿಣೆ ದುಡ್ಡು ಮುಂಗಡ ಇಸ್ಕೊಂಡು ಅವನ ವರ್ಕ್‌ಶಾಪ್‌ಗೆ ಹಾಕಿದಾಕಿ ಬರ್ಥಾ. ಅಂವ ಮೂರು ಗಾಲಿ ಗಾಡಿಗೆ 1886ರ ಜನವರಿ 29ಕ್ಕ ಪೇಟೆಂಟ್ ಅರ್ಜಿ ಹಾಕಿದ, ಇಂಜಿನ್ ಶಕ್ತಿ ಒಂದು ಹಾರ್ಸ್ ಪವರ್ ಸುದ್ದಾ ಇಲ್ಲ, ಮುಕ್ಕಾಲು. ಗಾಡಿ ಏನೋ ಆತು, ತಗೊಳ್ಳೂ ಗಿರಾಕಿ ಇಲ್ಲ, ಇಂವನೂ ಹೊರಗ ಬಿಡಾಕ ಹೆದರ್ತಿದ್ದ. 1888ರ ಆಗಸ್ಟ್‌ನ್ಯಾಗ ಬರ್ಥಾ ಗಂಡಗ ಹೇಳದನ ಇಬ್ರು ಗಂಡು ಮಕ್ಕಳನ್ನ ಹತ್ತಿಸ್ಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರುಮನಿಗೆ ಹೊಂಟೇ ಬಿಟ್ಳು, ಸುಮಾರು 100 ಕಿಲೋಮೀಟರ್, ನಿಮ್ಮ ಬೆಳಗಾವಿಯಿಂದ ಹುಬ್ಬಳ್ಳಿಗೆ ಹೋದಷ್ಟು. ಪೆಟ್ರೋಲ್ ಪಂಪ್ ಎಲ್ಲೈತಿ ಆಗ? ವೀಸ್‌ಲೋಖ್ ಅನ್ನೂ ಊರಾಗ ಔಷಧ ಅಂಗಡಿಗೆ ಹೋಗಿ ಲಿಗ್ರೋಯಿನ್ ಅನ್ನೂ, ಅರಿವಿ ಕಲೆ ತೆಗೀಯೂ ಎಣ್ಣಿ ಹಾಕಿಸ್ಕೊಂಡ್ಳು. ಎಣ್ಣಿ ಪೈಪ್ ಕಟ್ಟಿದ್ರ ಟೊಪ್ಪಿಗಿ ಪಿನ್ ಹಾಕಿ ಚುಚ್ಚಿ ಬಿಡಿಸಿದ್ಳು, ಕರೆಂಟ್ ವೈರ್ ತಿಕ್ಕಿ ಹೋದ್ರ ಕಾಲುಚೀಲದ ಪಟ್ಟಿ ಸುತ್ತಿದ್ಳು, ಬ್ರೇಕಿನ ಕಟ್ಟಿಗಿ ಸವೆದ್ರ ಚಪ್ಪಲಿ ಹೊಲಿಯಾವನ ಕಡೆ ತೊಗಲು ಬಡಿಸಿದ್ಳು, ಏರು ಬಂದ್ರ ಮಕ್ಕಳು ಇಳ್ದು ನೂಕೂದು. ಸಂಜೀಕ ಮುಟ್ಟಿ ಗಂಡಗ ತಾರು ಕಳಿಸಿದ್ಳು. ಏರಿಗೆ ಗಾಡಿ ಎಳ್ಯಾಂಗಿಲ್ಲ ಅಂತ ಆಕಿ ಹೇಳಿದ ಮ್ಯಾಲೇನ ಅಂವ ಇನ್ನೊಂದು ಗೇರ್ ಹಾಕಿದ್ದು. ನನ್ನ ಕೇಳಿದ್ರ ಪೇಟೆಂಟ್ ದಿನಕ್ಕಿಂತ ಆ ತವರುಮನಿ ಟ್ರಿಪ್‌ನ ಕಾರಿನ ಹುಟ್ಟಿದಬ್ಬ ಅನ್ನಬೇಕು.

ಪ್ರಶ್ನೆ: ಮರ್ಸಿಡಿಸ್ ಅಂದ್ರ ಬೆಂಜ್‌ನ ಮಗಳೇನು? (ವಿಜಯಪುರ)

ಉತ್ತರ: ಅಲ್ರಿ, ಮತ್ತೊಬ್ಬನ ಮಗಳು. ಅತ್ತ ಜರ್ಮನಿಯ ಕಾನ್‌ಸ್ಟಾಟ್ ಅನ್ನೂ ಊರಾಗ ಗಾಟ್ಲೀಬ್ ಡೈಮ್ಲರ್, ಅವನ ಜೋಡಿ ಇಂಜಿನಿಯರ್ ಮೇಬ್ಯಾಕ್ ಇಬ್ರೂ ಕೂಡಿ ಬ್ಯಾರೆ ಇಂಜಿನ್ ಮಾಡ್ತಿದ್ರು. ಅವರ ಕಾರು ಮಾರತಿದ್ದ ಎಮಿಲ್ ಜೆಲಿನೆಕ್ ಅನ್ನೂ ಶ್ರೀಮಂತ 1900ರಾಗ ಒಮ್ಮೆಲೇ 36 ಗಾಡಿ ಆರ್ಡರ್ ಕೊಟ್ಟ, ಆದ್ರ ಗಾಡಿ ಗಿಡ್ಡ ಇರಬೇಕು, ಜೋರ್ ಇರಬೇಕು, ಹೆಸರು ನನ್ನ ಮಗಳದು ಇಡಬೇಕು ಅಂದ. ಆ ಹುಡುಗಿ ಮರ್ಸಿಡಿಸ್‌ಗೆ ಆಗ 10 ವರ್ಷ. ಹೆಸರು ಎಷ್ಟು ನಡೀತಂದ್ರ 1903ರಾಗ ಅಪ್ಪನೂ ತನ್ನ ಹೆಸರು ಜೆಲಿನೆಕ್-ಮರ್ಸಿಡಿಸ್ ಮಾಡ್ಕೊಂಡ. ಡೈಮ್ಲರ್ 1900ರಾಗ ತೀರ್ಕೊಂಡ, ಈ ಹೆಸರಿನ ಕಾರು ಅಂವ ನೋಡ್ಲೇ ಇಲ್ಲ. ನೆಲ, ನೀರು, ಗಾಳಿ ಮೂರರಾಗೂ ನಮ್ಮ ಇಂಜಿನ್ ಓಡಬೇಕು ಅನ್ನೂ ನಕ್ಷತ್ರ 1909ರದು. ಮೊದಲ ಮಹಾಯುದ್ಧ ಆದ ಮ್ಯಾಲೆ ಜರ್ಮನಿ ದುಡ್ಡಿಗೆ ಕಿಮ್ಮತ್ತಿಲ್ದಂಗಾತು, ಕಾರ್ ಕೊಳ್ಳಾವ್ರು ಯಾರು, ಜಗಳಾಡ್ತಿದ್ದ ಎರಡೂ ಕಂಪನಿ 1926ರಾಗ ಒಂದಾದ್ವು. ಬೆಂಜ್‌ನ ಎಲಿ ಬಳ್ಳಿ ಡೈಮ್ಲರ್‌ನ ನಕ್ಷತ್ರದ ಸುತ್ತ ಬಂತು.

ಪ್ರಶ್ನೆ: ಹಿಟ್ಲರ್‌ಗೂ ಇವ್ರೇ ಕಾರು ಕೊಟ್ಟಿದ್ದಂತ? (ಬಾಗಲಕೋಟೆ)

ಉತ್ತರ: ಹೌದು. ಕಾರಿಗಿಂತ ಕೆಟ್ಟದ್ದು ಏನಂದ್ರ ಯುದ್ಧದಾಗ ಈ ಫ್ಯಾಕ್ಟರಿಗಳಾಗ ಕೈದಿಗಳನ್ನ, ಬ್ಯಾರೆ ದೇಶದ ಮಂದಿನ್ನ ಹಿಡ್ಕೊಂಡ್ ಬಂದು ಗುಲಾಮ್ರಂಗ ದುಡಿಸಿದ್ರು. ಕಂಪನಿನ ಆಮ್ಯಾಗ ಒಪ್ಕೊಂಡೈತಿ. ಬ್ರೋಷರ್‌ನ್ಯಾಗ ಹುಡುಗಿ ಹೆಸರಿನ ಕತಿ ಇರ್ತೈತಿ, ಇದು ಇರಂಗಿಲ್ಲ.

ಪ್ರಶ್ನೆ: ಪುಣೆದಾಗ 12 ವರ್ಷದ ಹಳೇ ಬೆಂಜ್ ಕಾರು ಅಲ್ಟೊ ರೇಟಿಗೆ ಸಿಗಾಕತ್ತೈತಿ, ತಗೊಳ್ಳೇನು? (ಮುಧೋಳ)

ಉತ್ತರ: ಪುಣೆ ಬೆಂಜ್‌ದವ್ರ ಊರ ಬಿಡ್ರಿ, 1995ರಿಂದ ಅಲ್ಲೇ ಜೋಡಸ್ತಾರ, ಈಗ ಚಾಕಣದಾಗ ಫ್ಯಾಕ್ಟರಿ ಐತಿ. ರೇಟ್ ಅಲ್ಟೊದ್ದು, ಖರೆ ಹೆಡ್‌ಲೈಟ್ ಒಡದ್ರ ಬಿಲ್ ಬೆಂಜ್‌ದ ಬರ್ತೈತ್ರಿ. ಟೊಪ್ಪಿಗಿ ಪಿನ್‌ನಿಂದ ರಿಪೇರಿ ಆಗೂ ಕಾಲ ಅಲ್ಲ, ಲ್ಯಾಪ್‌ಟಾಪ್ ಚುಚ್ಚಿದ್ರನ ರೋಗ ಗೊತ್ತಾಗೂದು. ಸರ್ವಿಸ್ ರೆಕಾರ್ಡ್ ಕೇಳ್ರಿ, ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದ್ಲಿ ಗಾಳಿ ಚೀಲ) ಇದ್ರ ರಾತ್ರಿ ನಿಲ್ಲಿಸಿ ಮುಂಜಾನೆ ನೋಡ್ರಿ ಗಾಡಿ ಕುಂತೈತೇನು ಅಂತ, ಅಲ್ಲೀತನಕ ಅಡ್ವಾನ್ಸ್ ಕೊಡಬ್ಯಾಡ್ರಿ.