ಅರ್ಜಿ ಹಾಕಾಯ್ತು ಎಂದಿದ್ದ ಹುಡುಗಿ

ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ತಾಯಿ ತಮ್ಮ ಹದಿನೇಳು ವರ್ಷದ ಮಗಳನ್ನು ಮೈಸೂರಿಗೆ ನನ್ನ ಬಳಿ ಸಲಹೆಗಾಗಿ ಕರೆತಂದದ್ದು ಅಕ್ಟೋಬರ್ ತಿಂಗಳಲ್ಲಿ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಮಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಓದುತ್ತಿದ್ದಳು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ಗೆ ನೋಂದಾಯಿಸಲು ತಂದೆ ಹಾಲಿನ ಬಟವಾಡೆಯಲ್ಲಿ ಉಳಿಸಿ ಕೊಟ್ಟಿದ್ದ 4,000 ರೂಪಾಯಿ ಅವಳ ಪುಸ್ತಕದೊಳಗೆ ಹಾಗೆಯೇ ಸಿಕ್ಕಿತ್ತು. "ಅರ್ಜಿ ಹಾಕಾಯ್ತು" ಎಂದು ಅವಳು ತಿಂಗಳ ಹಿಂದೆಯೇ ಮನೆಯಲ್ಲಿ ಹೇಳಿದ್ದಳು. ಹಣವನ್ನು ಯಾರಿಗಾಗಿ ಇಟ್ಟುಕೊಂಡಿದ್ದಾಳೆಂಬ ಅನುಮಾನ ತಾಯಿಯನ್ನು ಕಾಡುತ್ತಿತ್ತು.

ತಾಯಿಯನ್ನು ಹೊರಗೆ ಕೂರಿಸಿ ಮಾತನಾಡಿದಾಗ ತಿಳಿದ ವಿಷಯವೇ ಬೇರೆ. ಸೈಬರ್ ಸೆಂಟರ್‌ನಲ್ಲಿ ಅವಳು ಮೂರು ಬಾರಿ ಅರ್ಜಿ ತೆರೆದು, ಹಣ ಕಟ್ಟುವ ಪುಟದವರೆಗೆ ಹೋಗಿ, ಹಿಂದಿರುಗಿದ್ದಳು. ಅವಳ ಬಳಿ ಇದ್ದದ್ದು ನಾಡಕಚೇರಿಯಿಂದ ಪಡೆದ, ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 2ಎ ಪ್ರಮಾಣಪತ್ರ. ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕಿದರೆ ಸುಳ್ಳು ಹೇಳಿಕೆಯಾಗಿ ಮುಂದೆ ವಕೀಲಳಾಗಲು ತೊಡಕಾದೀತೆಂಬ ಭಯ ಹೊರಗೆ ಕಾಣುವ ಕಾರಣವಾಗಿತ್ತು. ಒಳಗಿನ ಕಾರಣವನ್ನು ಹೇಳಲು ಅವಳಿಗೆ ಮುಕ್ಕಾಲು ಗಂಟೆ ಬೇಕಾಯಿತು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಅವಳು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸಿ ನೋಡಿದ್ದಳು. ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು, ಪ್ರತಿ ತಪ್ಪಿಗೆ 0.25 ಅಂಕ ಕಡಿತ, ಸುಮಾರು 450 ಪದಗಳವರೆಗಿನ ಇಂಗ್ಲಿಷ್ ಗದ್ಯಭಾಗಗಳು. ಅರ್ಧ ಪತ್ರಿಕೆಯನ್ನೂ ಮುಗಿಸಲಾಗಲಿಲ್ಲ. "ಅಪ್ಪನ ದುಡ್ಡು ಕಟ್ಟಿ ಸೋಲೋದಕ್ಕಿಂತ ಕಟ್ಟದೇ ಇರೋದೇ ವಾಸಿ ಅನ್ನಿಸ್ತು ಮೇಡಂ" ಎಂದಳು.

ಇಂತಹ ಮಕ್ಕಳನ್ನು ಸುಳ್ಳುಗಾರರೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಖರ್ಚು ಮಾಡಿದ್ದರೆ ಮಾತು ಬೇರೆ. ಇವಳು ಒಂದು ರೂಪಾಯಿಯನ್ನೂ ಮುಟ್ಟದೆ ತಂದೆಯ ದುಡಿಮೆಯನ್ನು ಕಾಪಾಡುತ್ತಿದ್ದಳು.

ಕೊನೆಯ ದಿನಾಂಕಕ್ಕೆ ಒಂಬತ್ತು ದಿನಗಳಿದ್ದವು. ನಾನು ಮೊದಲು ಹೇಳಿದ್ದು, ಅರ್ಜಿ ಹಾಕುವುದು ಬೇರೆ, ಸೀಟು ಗೆಲ್ಲುತ್ತೇನೆಂದು ಮಾತು ಕೊಡುವುದು ಬೇರೆ ಎಂಬುದನ್ನು. ಕಟ್ಟಿದ ಶುಲ್ಕ ಹಿಂದಿರುಗುವುದಿಲ್ಲವೆಂಬುದನ್ನು ಮರೆಮಾಚದೆ, ಅದನ್ನು ಕಟ್ಟಬೇಕೇ ಬೇಡವೇ ಎಂಬುದನ್ನು ತಂದೆಯ ಜೊತೆ ಕುಳಿತು ತೀರ್ಮಾನಿಸಬೇಕೆಂದೂ, ನಡೆದದ್ದನ್ನು ಅವಳೇ ಅವರಿಗೆ ಹೇಳಬೇಕೆಂದೂ ಸೂಚಿಸಿದೆ. ಮೂರನೆಯ ದಿನ ತಂದೆ ಬಂದರು. ಅವಳು ನನ್ನೆದುರಿಗೇ ಹೇಳಿ ಮುಗಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಇಷ್ಟಕ್ಕೆ ಒಬ್ಳೇ ಒದ್ದಾಡಿದ್ಯಾ ಮಗಾ?" ಎಂದಷ್ಟೇ ಕೇಳಿದರು.

ಪ್ರವರ್ಗದ ಗೊಂದಲಕ್ಕೆ ಊಹೆಯ ಉತ್ತರ ಅಪಾಯಕಾರಿ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಮತ್ತು ಕೇಂದ್ರದ ಒಬಿಸಿ ಪಟ್ಟಿ ಒಂದೇ ಅಲ್ಲವಾದ್ದರಿಂದ, ತಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇದ್ದರೆ ಕೇಂದ್ರದ ನಮೂನೆಯ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಲು, ಸಂದೇಹ ಉಳಿದರೆ ಪರೀಕ್ಷೆ ನಡೆಸುವ ಒಕ್ಕೂಟದ ಸಹಾಯವಾಣಿಯನ್ನೇ ಕೇಳಲು ಹೇಳಿದೆ. ಸಾಮಾನ್ಯ ಮತ್ತು ಒಬಿಸಿ ಅಭ್ಯರ್ಥಿಗಳಿಗೆ ಶುಲ್ಕ ಒಂದೇ ಎಂದು ತಿಳಿದಾಗ ಅವಳ ಅರ್ಧ ಭಯ ಇಳಿಯಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲಾ ವಿಶ್ವವಿದ್ಯಾಲಯದಲ್ಲಿ, ಕನಿಷ್ಠ ಹತ್ತು ವರ್ಷ ಕರ್ನಾಟಕದಲ್ಲಿ ಓದಿದವರಿಗೆ ಶೇ 25ರಷ್ಟು ಮೀಸಲಾತಿ ಇದೆಯೆಂಬುದು ಅವಳಿಗೆ ಯಾರೂ ಹೇಳಿರದ ಸಂಗತಿ. ಒಂದನೆಯ ತರಗತಿಯಿಂದಲೂ ಇಲ್ಲಿಯೇ ಓದಿದ ಹಳ್ಳಿಯ ಮಗುವಿಗೆ ಇದನ್ನು ಶಾಲೆಯಲ್ಲೇ ತಿಳಿಸಬೇಕಿತ್ತೆಂದು ನನಗೆ ಈಗಲೂ ನೋವಾಗುತ್ತದೆ.

ಒಟಿಪಿ ಮತ್ತು ಮುಂದಿನ ಸೂಚನೆಗಳು ಸೈಬರ್ ಸೆಂಟರ್‌ನವರ ಮೊಬೈಲಿಗೆ ಹೋಗದಂತೆ ಮನೆಯ ಸಂಖ್ಯೆಯನ್ನೇ ಕೊಡಬೇಕೆಂದು ತಾಯಿಗೆ ವಿಶೇಷವಾಗಿ ಹೇಳಿದೆ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಗಡಿಯಾರವಿಟ್ಟು ಓದಿ, ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಮಗಳಿಗೆ ಕೊಟ್ಟ ಅಭ್ಯಾಸ. ಕ್ಲಾಟ್ ಇಲ್ಲದೆಯೂ ಪಿಯುಸಿ ಅಂಕಗಳ ಆಧಾರದ ಮೇಲೆ ಮೈಸೂರಿನಲ್ಲೇ ಐದು ವರ್ಷದ ಕಾನೂನು ಪದವಿಗೆ ಸೇರಬಹುದೆಂಬುದನ್ನು ಮೂವರಿಗೂ ಒಟ್ಟಿಗೆ ತಿಳಿಸಿದೆ, ಏಕೆಂದರೆ ಆ ದಾರಿ ಇದೆಯೆಂದು ಮಗಳಿಗಷ್ಟೇ ಗೊತ್ತಿದ್ದರೆ ಸಾಲದು.

ಕೊನೆಯ ದಿನಕ್ಕೆ ಎರಡು ದಿನ ಮೊದಲು, ತಾಯಿಯ ಮೊಬೈಲ್ ಸಂಖ್ಯೆ ಕೊಟ್ಟು, ತಂದೆಯ ಎದುರಿಗೆ ಅವಳು ಅರ್ಜಿ ಸಲ್ಲಿಸಿದಳು. ಡಿಸೆಂಬರಿನ ಪರೀಕ್ಷೆಯವರೆಗೆ ಹದಿನೈದು ದಿನಗಳಿಗೊಮ್ಮೆ ಬರುವಂತೆ ಹೇಳಿದ್ದೇನೆ.