ಕತ್ತಲಲ್ಲಿಟ್ಟ ಹೆಸರುಕಾಳೇ ಉದ್ದ ಬೆಳೆದಿದೆ, ಅಂಕಿ ತಿದ್ದಿ ಬರೆಯಲೇ?

ಪ್ರಶ್ನೆ: ಗಿಡ ಬೆಳೆಯಲು ಬೆಳಕು ಬೇಕೆಂದು ತೋರಿಸಲು ಎರಡು ಲೋಟಗಳಲ್ಲಿ ಹತ್ತು ಹತ್ತು ಹೆಸರುಕಾಳು ಹಾಕಿ, ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಬೀರುವಿನೊಳಗೆ ಇಟ್ಟೆ. ಏಳನೇ ದಿನ ಕಿಟಕಿಯ ಸಸಿಗಳು ಸರಾಸರಿ 9 ಸೆಂ.ಮೀ., ಬೀರುವಿನವು 17 ಸೆಂ.ಮೀ. ಇದ್ದವು. ಪಾಠದಲ್ಲಿರುವುದಕ್ಕೆ ಉಲ್ಟಾ ಬಂದಿದೆ. ಅಂಕಿ ಅದಲುಬದಲು ಮಾಡಿ ಬರೆಯಬಹುದೇ? (9ನೇ ತರಗತಿ)

ಉತ್ತರ: ಬರೆಯಬೇಡಿ. ನಿಮಗೆ ಬಂದಿರುವುದು ಸರಿಯಾದ ಫಲಿತಾಂಶವೇ. ಉದ್ದವನ್ನೇ ಬೆಳವಣಿಗೆ ಎಂದುಕೊಂಡದ್ದರಿಂದ ಗೊಂದಲವಾಗಿದೆ.

ಮೊಳಕೆ ಬರಲು ಹೆಸರುಕಾಳಿಗೆ ಬೆಳಕು ಬೇಡ. ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ರಾತ್ರಿ ಕಳೆಯುವಷ್ಟರಲ್ಲಿ ಮೊಳೆಯುವುದನ್ನು ಮನೆಯಲ್ಲೇ ನೋಡಿರುತ್ತೀರಿ. ಅದಕ್ಕೆ ಬೇಕಾದದ್ದು ನೀರು, ಗಾಳಿ, ಹದವಾದ ಬಿಸಿ. ಮಣ್ಣಿನಡಿಯ ಸಸಿಗೆ ಕತ್ತಲೆಂದರೆ ‘ಇನ್ನೂ ಮೇಲೆ ಬಂದಿಲ್ಲ’ ಎಂಬ ಸೂಚನೆ. ಹಾಗಾಗಿ ಅದು ಎಲೆ ಬಿಚ್ಚುವುದನ್ನೂ ಪತ್ರಹರಿತ್ತು ತಯಾರಿಸುವುದನ್ನೂ ಮುಂದಕ್ಕೆ ಹಾಕಿ, ಬೀಜದಳದಲ್ಲಿರುವ ಆಹಾರವನ್ನೆಲ್ಲ ಕಾಂಡ ನೀಳವಾಗಿಸಲು ಸುರಿಯುತ್ತದೆ. ಬೀರುವಿನ ಸಸಿಗಳನ್ನು ಇನ್ನೊಮ್ಮೆ ನೋಡಿ: ಕಾಂಡ ಬಿಳಿಚಿ ಸಣಕಲಾಗಿದೆ, ಎಲೆ ಹಳದಿ ಮತ್ತು ಪುಟ್ಟದು, ತುದಿ ಕೊಕ್ಕೆಯಂತೆ ಬಾಗಿರಲೂಬಹುದು. ಇದು ಗಂಟಿನಲ್ಲಿದ್ದ ದುಡ್ಡು ಖರ್ಚು ಮಾಡುತ್ತಿರುವ ಸಸಿ, ಗಳಿಸುತ್ತಿರುವುದಲ್ಲ.

ಗಳಿಕೆ ಗೊತ್ತಾಗುವುದು ಒಣತೂಕದಲ್ಲಿ, ಅಂದರೆ ನೀರೆಲ್ಲ ಆರಿದ ಮೇಲಿನ ತೂಕದಲ್ಲಿ. ಹತ್ತು ಕಾಳಿನ ತೂಕ ಅರ್ಧ ಗ್ರಾಂ ಕೂಡ ಬರುವುದಿಲ್ಲ, ಆದ್ದರಿಂದ ನೂರು ನೂರು ಕಾಳಿನ ಮೂರು ಗುಂಪು ಮಾಡಿ. ಮೂರರ ತೂಕವೂ ಆದಷ್ಟು ಸಮನಾಗಿರಲಿ. ಒಂದು ಗುಂಪನ್ನು ನೆನೆಸದೆ ಹಾಗೇ ಇಡಿ. ಉಳಿದೆರಡನ್ನು ಎಂಟು ಗಂಟೆ ನೆನೆಸಿ, ತೊಳೆದ ಮರಳು ತುಂಬಿದ ಒಂದೇ ಅಳತೆಯ ಎರಡು ತಟ್ಟೆಗಳಲ್ಲಿ ಬಿತ್ತಿ, ಒಂದನ್ನು ಬೆಳಕಿನಲ್ಲಿ, ಇನ್ನೊಂದನ್ನು ಕತ್ತಲಲ್ಲಿ ಇಡಿ. ಹತ್ತಿ ಬೇಡ, ಬೇರಿಗೆ ಅಂಟಿಕೊಂಡು ತೂಕ ಕೆಡಿಸುತ್ತದೆ. ಹತ್ತನೇ ದಿನ ಬೇರುಸಹಿತ ಕಿತ್ತು, ಮರಳು ತೊಳೆದು, ಉದುರಿದ ಸಿಪ್ಪೆ ಮತ್ತು ಬೀಜದಳಗಳನ್ನೂ ಆಯ್ದು ಸೇರಿಸಿ. ಹೆಚ್ಚಿನವರು ಮರೆಯುವುದು ಈ ಸಿಪ್ಪೆಯನ್ನೇ. ಒಣಗಿದ ಕಾಳಿನಲ್ಲೂ ಸ್ವಲ್ಪ ತೇವ ಇರುವುದರಿಂದ ನೆನೆಸದ ಗುಂಪನ್ನೂ ಸೇರಿಸಿ ಮೂರನ್ನೂ ಒಟ್ಟಿಗೆ ಬಿಸಿಲಿಗೆ ಹಾಕಿ. ಸತತ ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ. ಶಾಲೆಯ ತಕ್ಕಡಿ ಇಷ್ಟು ಸೂಕ್ಷ್ಮವಾಗಿಲ್ಲದಿದ್ದರೆ ಚಿನ್ನದಂಗಡಿಯವರನ್ನು ಕೇಳಿ ನೋಡಿ.

ಕತ್ತಲಿನ ಗುಂಪು ನೆನೆಸದ ಕಾಳಿಗಿಂತ ಹಗುರಾಗಿರುತ್ತದೆ. ಉಸಿರಾಟದಲ್ಲಿ ಕಾಳಿನ ಪಿಷ್ಟ ಕರಗಿ, ಅದರ ಕಾರ್ಬನ್ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಹೋಗಿರುತ್ತದೆ. ಬೆಳಕಿನವೂ ಮೊದಲ ಕೆಲವು ದಿನ ಹಗುರಾಗುತ್ತವೆ. ಹಸಿರೆಲೆ ಬಿಚ್ಚಿ ದ್ಯುತಿಸಂಶ್ಲೇಷಣೆ ಶುರುವಾದ ಮೇಲೆ ತೂಕ ಮತ್ತೆ ಏರುತ್ತದೆ. ಎರಡು ತಟ್ಟೆಗಳ ನಡುವಿನ ಈ ಅಂತರವೇ ನೀವು ಹುಡುಕುತ್ತಿರುವ ಉತ್ತರ.

ಇನ್ನೊಂದು ಲೋಪವಿದೆ. ಕಿಟಕಿ ಮತ್ತು ಬೀರುವಿನ ನಡುವೆ ಬೇರೆಯಾದದ್ದು ಬೆಳಕು ಮಾತ್ರವಲ್ಲ. ಬೀರುವಿನಲ್ಲಿ ಗಾಳಿಯಾಟ ಕಡಿಮೆ, ನೀರು ಬೇಗ ಆರುವುದಿಲ್ಲ, ಬಿಸಿಯೂ ಬೇರೆ. ಹೀಗಿರುವಾಗ ವ್ಯತ್ಯಾಸ ಯಾವುದರಿಂದ ಬಂತೆಂದು ಹೇಳುವುದು ಹೇಗೆ? ನೇರ ಬಿಸಿಲು ಬೀಳದ ಒಂದೇ ಜಾಗದಲ್ಲಿ ಎರಡನ್ನೂ ಇಟ್ಟು, ಒಂದಕ್ಕೆ ಪಾರದರ್ಶಕ ಡಬ್ಬಿ, ಇನ್ನೊಂದಕ್ಕೆ ಅದೇ ಅಳತೆಯ, ಕಪ್ಪು ಕಾಗದ ಸುತ್ತಿದ ಡಬ್ಬಿ ಮುಚ್ಚಿ. ನೀರು ಎರಡಕ್ಕೂ ಅಳೆದು, ರಾತ್ರಿ ಮಂದ ಬೆಳಕಿನಲ್ಲಿ ಹಾಕಿ. ಹಗಲಲ್ಲಿ ಪದೇ ಪದೇ ಇಣುಕಿದರೆ ಆ ತುಸು ಬೆಳಕಿಗೇ ಕೊಕ್ಕೆ ಬಿಚ್ಚಿಕೊಳ್ಳಬಹುದು.

ಪ್ರಾಜೆಕ್ಟ್ ಪುಸ್ತಕದಲ್ಲಿ 9 ಮತ್ತು 17 ಎಂದೇ ಬರೆಯಿರಿ. ನಿಮ್ಮ ಊಹೆ ಏನಿತ್ತು, ಏನು ಕಂಡಿತು, ಮುಂದೆ ಏನು ಅಳೆಯುತ್ತೀರಿ ಎಂಬುದನ್ನು ಅದರ ಕೆಳಗೆ ಸೇರಿಸಿ. ಪರೀಕ್ಷಕರು ಓದುವಂಥದ್ದು ಆ ಭಾಗವೇ.

ಪ್ರಶ್ನೆ: ದಾಸವಾಳದ ಎಲೆಗೆ ಅರ್ಧ ಕಪ್ಪು ಕಾಗದ ಸುತ್ತಿ, ಬಿಸಿಲಲ್ಲಿಟ್ಟು ಅಯೋಡಿನ್ ಹಾಕಿದೆ. ಎಲ್ಲೂ ನೀಲಿಯಾಗಲಿಲ್ಲ, ಕಂದು ಬಣ್ಣ ಮಾತ್ರ ಬಂತು. ಎಲ್ಲಿ ತಪ್ಪಿತು? (10ನೇ ತರಗತಿ)

ಉತ್ತರ: ಮೊದಲು ಅಯೋಡಿನ್‌ನ ಮೇಲೆಯೇ ಸಂಶಯಪಡಿ. ಅಯೋಡಿನ್ ಪಿಷ್ಟಕ್ಕೆ ತಾಗಿದರೆ ನೀಲಿಯಾಗಬೇಕು. ಅನ್ನದಲ್ಲಿ ಪಿಷ್ಟ ಹೇರಳ, ಆದ್ದರಿಂದ ಆರಿದ ಅನ್ನದ ಒಂದು ಅಗುಳಿನ ಮೇಲೆ ಒಂದು ಹನಿ ಬಿಡಿ. ಅದು ಕಡುನೀಲಿಯಾಗದಿದ್ದರೆ ದ್ರಾವಣ ಹಳತಾಗಿದೆ, ಎಲೆಯ ತಪ್ಪೇನಿಲ್ಲ. ಉತ್ತರ ಮೊದಲೇ ಗೊತ್ತಿರುವ ವಸ್ತುವಿನ ಮೇಲೆ ಪರೀಕ್ಷೆಯನ್ನೇ ಪರೀಕ್ಷಿಸುವ ಈ ಕ್ರಮವನ್ನು ಯಾವ ಪ್ರಯೋಗದಲ್ಲೂ ಬಿಡಬೇಡಿ.

ಅಗುಳು ನೀಲಿಯಾದರೆ, ಎಲೆಯನ್ನು ಕುದಿಸಿದಿರಾ ನೋಡಿ. ಹಸಿ ಎಲೆಯೊಳಕ್ಕೆ ಅಯೋಡಿನ್ ಸರಿಯಾಗಿ ಇಳಿಯುವುದಿಲ್ಲ. ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿಟ್ಟರೆ ಜೀವಕೋಶಗಳ ಪೊರೆ ಒಡೆದು ದಾರಿಯಾಗುತ್ತದೆ. ಆಮೇಲೆ ಹಸಿರು ಬಣ್ಣ ತೆಗೆಯಬೇಕು, ಇಲ್ಲದಿದ್ದರೆ ನೀಲಿ ಬಂದರೂ ಕಾಣದು. ಪ್ರನಾಳದಲ್ಲಿ ಸ್ಪಿರಿಟ್ (ಆಲ್ಕೋಹಾಲ್) ಹಾಕಿ ಎಲೆ ಮುಳುಗಿಸಿ, ಪ್ರನಾಳವನ್ನು ಬಿಸಿನೀರಿನ ಬೀಕರಿನಲ್ಲಿ ನಿಲ್ಲಿಸಿ. ಅದಕ್ಕೂ ಮುಂಚೆ ಒಲೆ ಆರಿಸಿರಬೇಕು. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಬೆಂಕಿ ಥಟ್ಟನೆ ಹತ್ತುತ್ತದೆ. ಇದನ್ನು ಶಿಕ್ಷಕರ ಎದುರಲ್ಲೇ ಮಾಡಿ. ಬಿಳಿಚಿದ ಎಲೆ ಹಪ್ಪಳದಂತೆ ಗರಿಗರಿಯಾಗಿರುತ್ತದೆ. ಬೆಚ್ಚಗಿನ ನೀರಲ್ಲಿ ಅದ್ದಿದರೆ ಮೆತ್ತಗಾಗುತ್ತದೆ.

ಇಲ್ಲಿ ಆತುರಪಟ್ಟರೆ ಕೆಲಸ ಕೆಡುತ್ತದೆ. ಪಿಷ್ಟ ಮತ್ತು ಅಯೋಡಿನ್ ಸೇರಿ ಬರುವ ನೀಲಿ ಬಿಸಿಯಲ್ಲಿ ನಿಲ್ಲುವುದಿಲ್ಲ, ತಣಿದರೆ ಮರಳಿ ಬರುತ್ತದೆ. ಆದ್ದರಿಂದ ಎಲೆ ಪೂರ್ತಿ ಆರಿದ ಮೇಲಷ್ಟೇ ಅಯೋಡಿನ್ ಹಾಕಿ, ಅದೂ ನೀರು ಬೆರೆಸಿ ಚಹಾದ ಬಣ್ಣಕ್ಕೆ ತಂದು. ಗಟ್ಟಿ ದ್ರಾವಣ ಎಲೆಯನ್ನೆಲ್ಲ ಕಂದಾಗಿಸಿಬಿಡುತ್ತದೆ.

ಗಿಡವನ್ನು ಮೊದಲು 48 ಗಂಟೆ ಕತ್ತಲಲ್ಲಿಟ್ಟು ಹಳೆಯ ಪಿಷ್ಟ ಖಾಲಿ ಮಾಡಿಸುವುದು ನಿಮಗೆ ಗೊತ್ತಿರಬೇಕು. ಖಾಲಿಯಾಯಿತೆಂದು ನಂಬಿ ಕೂರಬೇಡಿ: ಕಾಗದ ಸುತ್ತುವ ಮುಂಚೆ ಒಂದು ಎಲೆ ಕಿತ್ತು ಇದೇ ಪರೀಕ್ಷೆ ಮಾಡಿ. ಕಾಗದ ಸುತ್ತಿದ ಮೇಲೆ ನಾಲ್ಕೈದು ಗಂಟೆ ಒಳ್ಳೆಯ ಬಿಸಿಲು ಸಿಗಲಿ. ಮೋಡದ ದಿನ ಪ್ರಯೋಗ ಬೇಡ. ಈರುಳ್ಳಿ ಎಲೆಯನ್ನು ಮಾತ್ರ ಆರಿಸಿಕೊಳ್ಳಬೇಡಿ, ಅದು ಆಹಾರವನ್ನು ಪಿಷ್ಟವಾಗಿ ಕೂಡಿಡುವುದೇ ಇಲ್ಲ.

ಪ್ರಶ್ನೆ: ಈರುಳ್ಳಿ ಪೊರೆಯ ಸ್ಲೈಡಿನಲ್ಲಿ ಕಪ್ಪು ಅಂಚಿನ ದುಂಡನೆಯ ಜೀವಕೋಶಗಳು ಕಂಡವು. ಕೋಶಕೇಂದ್ರ ಕಾಣಲಿಲ್ಲ. (8ನೇ ತರಗತಿ)

ಉತ್ತರ: ಅವು ಗಾಳಿಯ ಗುಳ್ಳೆಗಳು. ಈರುಳ್ಳಿ ಪೊರೆಯ ಕೋಶಗಳು ಗೋಡೆಗೆ ಕಟ್ಟಿದ ಇಟ್ಟಿಗೆಯಂತೆ ಉದ್ದುದ್ದ, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ರಸಭರಿತ ಪದರದ ಒಳಬಾಗಿದ ಕಡೆಯ ಪೊರೆಯನ್ನೇ ಸುಲಿದು, ಮಡಿಕೆ ಬೀಳದಂತೆ ನೀರಲ್ಲಿ ಹರಡಿ. ಒಂದು ಹನಿ ಸಫ್ರನಿನ್ ಹಾಕಿ ಅರ್ಧ ನಿಮಿಷದ ಮೇಲೆ ತೊಳೆಯಿರಿ. ಬಣ್ಣ ಹಾಕದೆ ಕೋಶಕೇಂದ್ರ ಕಾಣುವುದು ಕಷ್ಟ. ಗ್ಲಿಸರಿನ್ ಹನಿಯ ಮೇಲೆ ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಿದರೆ ಗಾಳಿ ಪಕ್ಕಕ್ಕೆ ಸರಿಯುತ್ತದೆ. ಮೊದಲು 10 ಪಟ್ಟಿನ ಮಸೂರದಲ್ಲೇ ನೋಡಿ. ಹಸಿರು ಕಣಗಳನ್ನು ಹುಡುಕಬೇಡಿ, ಚಿತ್ರದಲ್ಲಿ ಬರೆಯಲೂ ಬೇಡಿ. ಮಣ್ಣಿನೊಳಗಿನ ಗಡ್ಡೆಯಲ್ಲಿ ಅವು ಇರುವುದಿಲ್ಲ.

ಪ್ರಶ್ನೆ: ಪ್ರಯೋಗ ಅಚ್ಚುಕಟ್ಟಾಗಿದ್ದರೂ ತೀರ್ಮಾನ ತಪ್ಪಾಗಬಹುದೇ? (ಪಿಯುಸಿ)

ಉತ್ತರ: ಖಂಡಿತ ಆಗಬಹುದು. ವಾನ್ ಹೆಲ್ಮಾಂಟ್ ಎಂಬ ಫ್ಲೆಮಿಶ್ ವೈದ್ಯ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದ. ಗಿಡ 169 ಪೌಂಡ್ ದಾಟಿತು, ಮಣ್ಣು ಕಳೆದುಕೊಂಡದ್ದು ಎರಡು ಔನ್ಸ್‌ನಷ್ಟು. ಅವನು ತೀರಿಕೊಂಡ ಮೇಲೆ 1648ರಲ್ಲಿ ಇದು ಅಚ್ಚಾಯಿತು. ಮರದ ಮೈ ಮಣ್ಣಿನಿಂದ ಬಂದದ್ದಲ್ಲ ಎಂಬುದಕ್ಕೆ ಅವನ ಅಂಕಿಗಳು ಗಟ್ಟಿ ಪುರಾವೆ. ಆದರೆ ಅವನು ಅಲ್ಲಿಗೆ ನಿಲ್ಲದೆ, ಮರವೆಲ್ಲ ನೀರಿನಿಂದಲೇ ಆಯಿತು ಎಂದ. ಮಣ್ಣನ್ನೂ ಮರವನ್ನೂ ತೂಗಿದವನು ಸುತ್ತಲಿನ ಗಾಳಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಬೆಳಕಿನಲ್ಲಿ ಹಸಿರೆಲೆ ಏನು ಮಾಡುತ್ತದೆ ಎಂಬುದನ್ನು ಡಚ್ ವೈದ್ಯ ಇಂಗೆನ್‌ಹೌಸ್ ತೋರಿಸಿದ್ದು 1779ರಲ್ಲಿ. ವಿಚಿತ್ರವೆಂದರೆ ‘ಗ್ಯಾಸ್’ ಎಂಬ ಪದವನ್ನು ಹುಟ್ಟುಹಾಕಿದವನೇ ವಾನ್ ಹೆಲ್ಮಾಂಟ್. ಇದ್ದಿಲು ಉರಿದಾಗ ಹೊರಡುವ ಗಾಳಿಯನ್ನು, ಅಂದರೆ ಇಂದಿನ ಕಾರ್ಬನ್ ಡೈಆಕ್ಸೈಡನ್ನು, ಗುರುತಿಸಿದವನೂ ಅವನೇ. ಅದೇ ಗಾಳಿ ತನ್ನ ವಿಲ್ಲೋ ಗಿಡದ ಎಲೆಯೊಳಕ್ಕೆ ಹೋಗುತ್ತಿದೆ ಎಂದು ಅವನಿಗೆ ಹೊಳೆಯಲಿಲ್ಲ.