ಬಿಸಿಲು ಮತ್ತು ನ್ಯಾನೋ ಕಣ ಸೇರಿ ಬಣ್ಣದ ನೀರನ್ನು ಹೇಗೆ ತಿಳಿಯಾಗಿಸುತ್ತವೆ?

ಟೈಟಾನಿಯಂ ಡೈಆಕ್ಸೈಡ್ ಅಂದರೆ ಗೋಡೆಯ ಬಿಳಿ ಪೇಂಟಿನಲ್ಲಿರುವ ಅದೇ ಪುಡಿ. ಅದರ ನ್ಯಾನೋ ಕಣಕ್ಕೆ ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಒಳಗಿನ ಎಲೆಕ್ಟ್ರಾನ್ ಜಿಗಿಯುತ್ತದೆ, ಅದಿದ್ದ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗ ಪಕ್ಕದ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡಾಗ ಹುಟ್ಟುವುದೇ ಹೈಡ್ರಾಕ್ಸಿಲ್ ರಾಡಿಕಲ್, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಆಕ್ಸಿಜನ್-ಹೈಡ್ರೋಜನ್ ತುಣುಕು. ಇದು ಮಹಾ ಜಗಳಗಂಟ! ಮಿಥಿಲೀನ್ ಬ್ಲೂನಂಥ ಬಣ್ಣದ ಅಣುವನ್ನು ತುಂಡು ತುಂಡು ಮಾಡುತ್ತದೆ. ಸಾಕಷ್ಟು ಹೊತ್ತು ಬಿಟ್ಟರೆ ಉಳಿಯುವುದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್, ನೀರು, ಒಂದಿಷ್ಟು ಲವಣ. ಕಣ ಮಾತ್ರ ಖರ್ಚಾಗುವುದಿಲ್ಲ.

ತೊಡಕು ಬಿಸಿಲಿನಲ್ಲೇ ಇದೆ. ಈ ಪುಡಿಗೆ ಬೇಕಾದ ಅತಿನೇರಳೆ ಪಾಲು ಬಿಸಿಲಿನಲ್ಲಿ ಸುಮಾರು ಶೇ. 5 ಮಾತ್ರ. ಅದಕ್ಕೇ ನೈಟ್ರೋಜನ್ ಬೆರೆಸಿ, ಕಣ್ಣಿಗೆ ಕಾಣುವ ಬೆಳಕನ್ನೂ ಹೀರುವಂತೆ ಮಾಡುತ್ತಾರೆ.

ಇನ್ನೊಂದು ಮಾತು. ಬಣ್ಣ ಹೋಯಿತು ಅಂತ ಸುಮ್ನೆ ನಂಬಬೇಡಿ. ಅಣುವಿನ ಚೂರುಗಳು ನೀರಲ್ಲೇ ಇರಬಹುದು, ನೀರಲ್ಲಿ ಉಳಿದ ಸಾವಯವ ಕೊಳೆ ಎಷ್ಟೆಂದು ಅಳೆಯುವ ಸಿಓಡಿ (ಕೆಮಿಕಲ್ ಆಕ್ಸಿಜನ್ ಡಿಮಾಂಡ್) ಪರೀಕ್ಷೆ ಮಾಡಿಸಿ.